ಬ್ಯಾಟರಿ ಬದಲಿಸಿದರೆ ಸಾಲದು, ಕಾರಣ ಬರೆದು ಕೊಡಿ!

ಹಗರೆ, ಹಳೇಬೀಡು, ಬೇಲೂರು, ಅರಸೀಕೆರೆ ಸುತ್ತಿನ ಎಲ್ಲ ವಾಹನ ಮಾಲೀಕರಿಗೂ, ಅವರ ಗಾಡಿಗೆ ಕೇಬಲ್ ಹಾಕಿ ಹಾಕಿ ಸುಸ್ತಾದ ನೆರೆಹೊರೆಯವರಿಗೂ ಒಂದು ಮನವಿ



ಕಡಲೆಕಾಯಿ ಪೊಟ್ಟಣ ಕಟ್ಟುವ ಮುಂಚೆ ಈ ಕಾಗದವನ್ನು ಒಮ್ಮೆ ಓದಿ. ಓದಿದ ಮೇಲೆ ಜೇಬಿಗಿಳಿಸಬೇಡಿ, ಪಕ್ಕದವರಿಗೆ ಕೊಡಿ.

ಹಗರೆಯ ಕೂಡುರಸ್ತೆಯಲ್ಲಿ ಅರ್ಧ ಗಂಟೆ ನಿಂತರೆ ಲೋಕದ ಕಾರುಗಳೆಲ್ಲ ಕಣ್ಣಿಗೆ ಬೀಳುತ್ತವೆ. ಹಾಸನದಿಂದ ಬಂದವರು ಇಲ್ಲಿ ಹಳೇಬೀಡಿಗೆ ತಿರುಗುತ್ತಾರೆ, ಇಲ್ಲವೇ ನೇರ ಬೇಲೂರಿಗೆ ಹೋಗುತ್ತಾರೆ. ದೊಡ್ಡ ಕಾರು ಅಂದರೆ ಬೆಂಗಳೂರಿನವರದು ಅನ್ನುವ ಕಾಲ ಮುಗಿಯಿತು. ಕಾಫಿಗೋ ಮೆಣಸಿಗೋ ಅಡಿಕೆಗೋ ಒಂದೆರಡು ವರ್ಷ ಒಳ್ಳೆಯ ರೇಟು ಸಿಕ್ಕಿದ ಮನೆಗಳ ಅಂಗಳದಲ್ಲೂ ಈಗ ಐವತ್ತು ಅರವತ್ತು ಲಕ್ಷದ ಗಾಡಿ ನಿಂತಿದೆ. ಸಂತೋಷ. ದುಡಿದವರು ಕೊಳ್ಳಲಿ. ಆದರೆ ಹೊಸ ಗಾಡಿಯ ಹೂವಿನ ಹಾರ ಒಣಗುವ ಮುಂಚೆಯೇ ಒಂದು ಬೆಳಿಗ್ಗೆ ಬಟನ್ ಒತ್ತಿದರೆ ಕಾರು ಕಮಕ್ ಕಿಮಕ್ ಅನ್ನುವುದಿಲ್ಲ. ಪರದೆ ಒಮ್ಮೆ ಮಿನುಗಿ ಕಪ್ಪಾಗುತ್ತದೆ. ಬ್ಯಾಟರಿ ಡೌನ್.

ಹಳೆಯ ಜೀಪಾಗಿದ್ದರೆ ನಾಲ್ಕು ಜನ ತಳ್ಳಿ ಎರಡನೇ ಗೇರಿನಲ್ಲಿ ಎತ್ತಿಬಿಡುತ್ತಿದ್ದೆವು. ಈ ಕಾರನ್ನು ತಳ್ಳಿ ಎಬ್ಬಿಸಲು ಆಗುವುದಿಲ್ಲ. ಅದರ ಗೇರು ವಿದ್ಯುತ್ತಿನದು, ಹ್ಯಾಂಡ್‌ಬ್ರೇಕು ವಿದ್ಯುತ್ತಿನದು, ಬಾಗಿಲ ಬೀಗವೂ ವಿದ್ಯುತ್ತಿನದು. ಎಷ್ಟೋ ದುಬಾರಿ ಕಾರುಗಳಲ್ಲಿ ಬ್ಯಾಟರಿ ಇರುವುದು ಹಿಂದಿನ ಡಿಕ್ಕಿಯಲ್ಲಿ, ಡಿಕ್ಕಿ ತೆರೆಯಲು ಬೇಕಾದದ್ದು ಬ್ಯಾಟರಿ! ಈ ಬುದ್ಧಿವಂತಿಕೆಗೆ ನಾವು ಕೊಟ್ಟ ದುಡ್ಡಲ್ಲದೆ, ಇಪ್ಪತ್ತು ಲಕ್ಷ ಮೀರಿದ ಪೆಟ್ರೋಲ್, ಡೀಸೆಲ್ ಕಾರಿಗೆ ಶೇ. 18 ಜೀವಾವಧಿ ತೆರಿಗೆಯನ್ನೂ ಸರ್ಕಾರಕ್ಕೆ ಕಟ್ಟಿದ್ದೇವೆ. ಅರವತ್ತು ಲಕ್ಷಕ್ಕೆ ಲೆಕ್ಕ ಹಾಕಿ, ಹತ್ತು ಲಕ್ಷದ ಮೇಲಾಯಿತು.

ಶೋರೂಮಿಗೆ ಫೋನು ಮಾಡುತ್ತೇವೆ. ಯಾರೋ ಹುಡುಗ ಬಂದು ಕೇಬಲ್ ಹಾಕಿ ಎಬ್ಬಿಸಿ ಹೋಗುತ್ತಾನೆ. ವಾರ ಕಳೆಯುವುದರೊಳಗೆ ಮತ್ತೆ ಅದೇ ಕಥೆ. ಹೊಸ ಬ್ಯಾಟರಿ ಹಾಕುತ್ತಾರೆ. ಅದೂ ಮಲಗುತ್ತದೆ. ಆಮೇಲೆ ಶುರುವಾಗುತ್ತದೆ ಪುರಾಣ: ‘ಸಾರ್, ನೀವು ಗಾಡಿ ಓಡಿಸೋದು ಕಮ್ಮಿ.’ ‘ಸಾರ್, ಬ್ಯಾಟರಿ ವಾರಂಟಿ ನಮ್ಮದಲ್ಲ, ಬ್ಯಾಟರಿ ಕಂಪನಿಯವರದು.’ ‘ಸಾರ್, ಕಂಪ್ಯೂಟರ್ ಹಾಕಿ ನೋಡಿದ್ವಿ, ಏನೂ ತೋರಿಸ್ತಿಲ್ಲ.’ ‘ಸಾರ್, ಹೊಸ ಮಾಡೆಲ್ ಎಲ್ಲಾ ಹಿಂಗೇ.’ ಕೊನೆಯ ಮಾತಂತೂ ಕೇಳಿ ನಗಬೇಕೋ ಅಳಬೇಕೋ ತಿಳಿಯದು.

‘ದೊಡ್ಡ ಕಾರಿನವರ ಗೋಳು ನಮಗ್ಯಾಕೆ?’ ಎಂದು ಕೇಳುವವರಿದ್ದೀರಿ. ನ್ಯಾಯವಾದ ಪ್ರಶ್ನೆ. ಆದರೆ ಐದು ಎಕರೆಯವನ ಟ್ರ್ಯಾಕ್ಟರಿಗೆ, ಹಾಲಿನ ಡೇರಿಗೆ ಹೋಗುವ ಹುಡುಗಿಯ ಎಲೆಕ್ಟ್ರಿಕ್ ಸ್ಕೂಟರಿಗೆ, ಬೇಲೂರು–ಹಳೇಬೀಡು ನಡುವೆ ಪ್ರವಾಸಿಗರನ್ನು ಸುತ್ತಿಸುವ ಟ್ಯಾಕ್ಸಿಗೆ, ಅಂಗಳದ ಆ ಬಿಳಿ ಕಾರಿಗೆ, ಎಲ್ಲದಕ್ಕೂ ಇರುವುದು ಒಂದೇ ಕಾನೂನು. ಅರವತ್ತು ಲಕ್ಷ ಕೊಟ್ಟವನನ್ನೇ ‘ನೋಡ್ತೀವಿ ಸಾರ್’ ಎಂದು ತಿಂಗಳುಗಟ್ಟಲೆ ಕಾಯಿಸುವವರು ಒಂದು ಲಕ್ಷದ ಸ್ಕೂಟರಿನವರಿಗೆ ಕುರ್ಚಿ ಕೊಟ್ಟು ಕೂರಿಸುತ್ತಾರೆಯೇ?

ಬ್ಯಾಟರಿ ಸಾಯುವುದಲ್ಲ, ಸಾಯಿಸಲಾಗುತ್ತದೆ

ಇದೊಂದನ್ನು ಅರ್ಥ ಮಾಡಿಕೊಂಡರೆ ಯಾವ ಸರ್ವಿಸ್ ಅಡ್ವೈಸರನ ಮುಂದೆಯೂ ನಾವು ಬಾಯಿ ಬಿಡಬೇಕಾಗಿಲ್ಲ. 12 ವೋಲ್ಟ್ ಬ್ಯಾಟರಿ ಅಂದರೆ ತಲಾ 2 ವೋಲ್ಟಿಗೆ ಸ್ವಲ್ಪ ಹೆಚ್ಚಿನ ಆರು ಸೆಲ್‌ಗಳ ಸಾಲು. ಪೂರ್ತಿ ಚಾರ್ಜ್ ಆಗಿ ಗಾಡಿ ನಿಂತಿರುವಾಗ ಮೀಟರು 12.6ರ ಆಸುಪಾಸು ತೋರಿಸಬೇಕು. 12.2ಕ್ಕೆ ಬಂದರೆ ಅರ್ಧ ಖಾಲಿ. 12ಕ್ಕೆ ಇಳಿದರೆ ಹೆಚ್ಚುಕಡಿಮೆ ಬರಿದು. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.4ರವರೆಗೆ ಏರಬೇಕು. ಕೆಲವು ಹೊಸ ಕಾರುಗಳು ಇದನ್ನು ತಾವೇ ಬೇಕೆಂದೇ ಏರಿಳಿಸುತ್ತವೆ, ಅದು ಬೇರೆ ಮಾತು. ಹಗರೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಯಾವ ಹುಡುಗನ ಹತ್ತಿರವೂ ಮಲ್ಟಿಮೀಟರ್ ಇದೆ. ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಅಳತೆ ತೆಗೆಸಿ, ಮೀಟರಿನ ಫೋಟೊ ಹಿಡಿದಿಡಿ. ಸಾಕ್ಷಿ ಅಲ್ಲಿಂದಲೇ ಶುರು.

ಕಾರು ಬೀಗ ಹಾಕಿ ನಿಂತಾಗಲೂ ಒಳಗೆ ಸ್ವಲ್ಪ ಕರೆಂಟು ಹರಿಯುತ್ತಿರುತ್ತದೆ. ಗಡಿಯಾರ, ಅಲಾರಂ, ಕೀಲಿಯ ಸದ್ದು ಕೇಳಲು ಕಿವಿ ನೆಟ್ಟಿರುವ ರಿಸೀವರ್, ಮೊಬೈಲ್ ಆ್ಯಪ್‌ಗೆ ಉತ್ತರ ಕೊಡುವ ಸಿಮ್ ಇವೆಲ್ಲ ಎಚ್ಚರವಿರಬೇಕಲ್ಲ. ಕಾರಿನೊಳಗಿನ ಹತ್ತಾರು ಪುಟ್ಟ ಕಂಪ್ಯೂಟರುಗಳು ಬೀಗ ಹಾಕಿದ ಮೇಲೆ ಒಂದೊಂದಾಗಿ ನಿದ್ದೆಗೆ ಜಾರಬೇಕು. ಅದಕ್ಕೆ ಇಪ್ಪತ್ತರಿಂದ ನಲವತ್ತು ನಿಮಿಷ ಬೇಕಾಗಬಹುದು. ಎಲ್ಲವೂ ಮಲಗಿದ ಮೇಲೆ ಹರಿವು ಸಾಮಾನ್ಯವಾಗಿ 50 ಮಿಲಿಆಂಪ್ ಮೀರಬಾರದು ಎಂಬುದು ಮೆಕ್ಯಾನಿಕ್‌ಗಳ ರೂಢಿಯ ಲೆಕ್ಕ.

ಈಗ ಗಣಿತ ನೋಡಿ. 50 ಮಿಲಿಆಂಪ್ ಅಂದರೆ ದಿನಕ್ಕೆ 1.2 ಆಂಪ್-ಅವರ್. ಬ್ಯಾಟರಿ 80 ಆಂಪ್-ಅವರ್‌ನದಾದರೆ ಅರ್ಧ ಖಾಲಿಯಾಗಲು ಒಂದು ತಿಂಗಳ ಮೇಲೆ ಬೇಕು. ಅಂದರೆ ಸರಿಯಿರುವ ಹೊಸ ಕಾರು ಮಳೆಗಾಲದಲ್ಲಿ ಎರಡು ಮೂರು ವಾರ ಶೆಡ್ಡಿನಲ್ಲಿ ನಿಂತರೂ ಎದ್ದೇಳಲೇಬೇಕು. ಅದೇ ಒಂದು ಕಂಪ್ಯೂಟರು ನಿದ್ದೆ ಮಾಡದೆ 1 ಆಂಪ್ ಕುಡಿಯುತ್ತ ಕೂತರೆ ದಿನಕ್ಕೆ 24 ಆಂಪ್-ಅವರ್. ಮೂರೂವರೆ ದಿನಕ್ಕೆ ಬ್ಯಾಟರಿ ಬರಿದು. ಶುಕ್ರವಾರ ನಿಲ್ಲಿಸಿದ ಕಾರು ಮಂಗಳವಾರ ಏಳದಿದ್ದರೆ ‘ನೀವು ಓಡಿಸೋದು ಕಮ್ಮಿ’ ಎಂಬ ಮಾತಿಗೆ ಅರ್ಥವಿಲ್ಲ. ಕಳ್ಳ ಒಳಗಿದ್ದಾನೆ, ಹಿಡಿದುಕೊಡಿ ಅಷ್ಟೇ.

ಕಳ್ಳನನ್ನು ಹಿಡಿಯದೆ ಹೊಸ ಬ್ಯಾಟರಿ ಹಾಕುವುದು ತೂತು ಕೊಡಕ್ಕೆ ಮತ್ತೆ ನೀರು ಹೊಯ್ದಂತೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಸೀಸದ ಬ್ಯಾಟರಿ ಪೂರ್ತಿ ಬರಿದಾಗಿ ಹಾಗೆಯೇ ಬಿದ್ದಿದ್ದರೆ ಅದರ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನ ಕಸುವು ಬರುವುದಿಲ್ಲ. ಹಾಗಾಗಿ ಎರಡನೆಯ ಬ್ಯಾಟರಿಯೂ ‘ವೀಕ್’ ಎಂದು ಟೆಸ್ಟರಿನಲ್ಲಿ ಬರುತ್ತದೆ, ಶೋರೂಮಿನವರು ಮೂರನೆಯದನ್ನು ಹಾಕುತ್ತಾರೆ, ಸಮಸ್ಯೆ ಬ್ಯಾಟರಿಯದ್ದೇ ಎಂದು ಕಾಗದದಲ್ಲಿ ದಾಖಲಾಗುತ್ತದೆ. ಜೊತೆಗೆ ಎಷ್ಟೋ ದುಬಾರಿ ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ್ದನ್ನು ಕಾರಿನ ಕಂಪ್ಯೂಟರಿಗೆ ತಿಳಿಸಿ ನೋಂದಾಯಿಸಬೇಕು. ಇಲ್ಲದಿದ್ದರೆ ಹಳೆಯ ಬ್ಯಾಟರಿ ಎಂದೇ ತಿಳಿದು ತಪ್ಪು ರೀತಿಯಲ್ಲಿ ಚಾರ್ಜ್ ಮಾಡುತ್ತದೆ. ಸ್ಟಾರ್ಟ್-ಸ್ಟಾಪ್ ಇರುವ ಕಾರಿಗೆ ಎಜಿಎಂ ಬಗೆಯ ಬ್ಯಾಟರಿಯನ್ನೇ ಕಂಪನಿ ಕೊಟ್ಟಿದ್ದರೆ ಮತ್ತೆ ಹಾಕುವುದೂ ಅದೇ ಆಗಿರಬೇಕು. ಇವೆರಡನ್ನೂ ಬಾಯಲ್ಲಿ ಕೇಳಬೇಡಿ, ಬಿಲ್ಲಿನಲ್ಲಿ ಬರೆಸಿ.

ಎಲೆಕ್ಟ್ರಿಕ್ ಕಾರಿನಲ್ಲೂ ಈ ಪುಟ್ಟ 12 ವೋಲ್ಟ್ ಬ್ಯಾಟರಿ ಇದೆ ಎಂಬುದು ಕೊಂಡವರಿಗೇ ಎಷ್ಟೋ ಸಲ ಗೊತ್ತಿರುವುದಿಲ್ಲ. ಕೆಳಗೆ ಆಳುದ್ದದ ದೊಡ್ಡ ಬ್ಯಾಟರಿ ತುಂಬಿದ್ದರೂ ಈ ಚಿಕ್ಕದು ಮಲಗಿದರೆ ಗಾಡಿ ಕದಲುವುದಿಲ್ಲ. ಹ್ಯುಂಡೈ ಕಂಪನಿ 2024ರ ಜೂನ್‌ನಲ್ಲಿ ಭಾರತದಲ್ಲಿ 1,744 ಐಯಾನಿಕ್ 5 ಕಾರುಗಳನ್ನು ವಾಪಸು ಕರೆದದ್ದು ಇದೇ ಕಾರಣಕ್ಕೆ. ದೊಡ್ಡ ಬ್ಯಾಟರಿಯಿಂದ ಚಿಕ್ಕದಕ್ಕೆ ಚಾರ್ಜ್ ಕೊಡುವ ಐಸಿಸಿಯು ಎಂಬ ನಿಯಂತ್ರಣ ಘಟಕದಲ್ಲಿ ದೋಷವಿರಬಹುದು, ಅದರಿಂದ 12 ವೋಲ್ಟ್ ಬ್ಯಾಟರಿ ಬರಿದಾಗಬಹುದು ಎಂದು ಕಂಪನಿಯೇ ಹೇಳಿತು. ಮರುತಿಂಗಳು ಕಿಯಾ ಕೂಡ ಅದೇ ಕಾರಣಕ್ಕೆ 1,138 ಇವಿ6 ಕಾರುಗಳನ್ನು ಕರೆಯಿತು. 2025ರ ಫೆಬ್ರುವರಿಯಲ್ಲಿ ಇನ್ನೊಂದು ಸುತ್ತು ಕರೆದದ್ದು 1,380 ಕಾರು. ಒಪ್ಪಿಕೊಂಡದ್ದಕ್ಕೆ ಈ ಎರಡು ಕಂಪನಿಗಳಿಗೆ ಒಂದು ಮೆಚ್ಚುಗೆಯೂ ಸಲ್ಲಬೇಕು. ನಾವು ಹೇಳುವುದಿಷ್ಟೇ: ಬ್ಯಾಟರಿ ಸಾಯುವುದಕ್ಕೆ ಬ್ಯಾಟರಿಯಾಚೆ ಕಾರಣ ಇರುತ್ತದೆ ಎಂಬುದು ನಮ್ಮ ಕಲ್ಪನೆಯಲ್ಲ, ತಯಾರಕರೇ ಬರೆದುಕೊಟ್ಟ ಸತ್ಯ.

ಮೊದಲು ನಮ್ಮ ಬಾಗಿಲು ಗುಡಿಸೋಣ

ಎಲ್ಲ ತಪ್ಪೂ ಕಂಪನಿಯದು ಎಂದರೆ ಅದೂ ಸುಳ್ಳು. ಹಾಸನದ ಯಾವುದೋ ಅಂಗಡಿಯಲ್ಲಿ ಕಡಿಮೆ ದುಡ್ಡಿಗೆ ಹಾಕಿಸಿದ ಡ್ಯಾಶ್‌ಕ್ಯಾಮ್, ಸೀಟಿನಡಿಯ ಬಣ್ಣದ ದೀಪ, ಜಿಪಿಎಸ್ ಟ್ರ್ಯಾಕರ್, ದೊಡ್ಡ ಆಂಪ್ಲಿಫೈಯರ್ ಇವು ರಾತ್ರಿಯಿಡೀ ಕರೆಂಟು ಕುಡಿಯುತ್ತವೆ. ಅಷ್ಟೇ ಅಲ್ಲ, ವೈರ್ ಕತ್ತರಿಸಿ ಜೋಡಿಸಿದ್ದು ಕಂಡರೆ ವಾರಂಟಿ ಕೊಡದಿರಲು ಅವರಿಗೆ ನೆಪ ಸಿಕ್ಕಂತೆ. ತೆಗೆಸಿಬಿಡಿ. ಕಾರಿನ ಕೀಲಿಯನ್ನು ಕಾರಿಗೆ ತಾಗಿದ ಗೋಡೆಯ ಮೊಳೆಗೆ ನೇತುಹಾಕಬೇಡಿ. ಕೀಲಿ ಹತ್ತಿರವಿದ್ದರೆ ಕೆಲವು ಕಾರುಗಳು ನಿದ್ದೆಗೇ ಹೋಗುವುದಿಲ್ಲ. ಮನೆಯಿಂದ ಡೇರಿಗೆ, ಡೇರಿಯಿಂದ ಮನೆಗೆ ಎಂದು ಒಂದೆರಡು ಕಿಲೋಮೀಟರು ಮಾತ್ರ ಓಡಿಸುವವರು ವಾರಕ್ಕೊಮ್ಮೆಯಾದರೂ ಹಾಸನದವರೆಗೆ ಹೋಗಿಬನ್ನಿ. ಇಷ್ಟೂ ಮಾಡಿದ ಮೇಲೂ ಮಲಗಿದರೆ ಆಗ ಹೊಣೆ ಅವರದು.

ಇನ್ನೊಂದು, ಇದನ್ನು ದಪ್ಪಕ್ಷರದಲ್ಲಿ ಓದಿಕೊಳ್ಳಿ. ರಸ್ತೆಯಲ್ಲಿ ಕಾರು ನಿಂತಾಗ ಒಳ್ಳೆ ಮನಸ್ಸಿನ ಲಾರಿಯವರು ಕೇಬಲ್ ಕೊಡಲು ಮುಂದೆ ಬರುತ್ತಾರೆ. ಲಾರಿಯಿಂದ, ಬಸ್ಸಿನಿಂದ ಜಂಪ್ ತೆಗೆದುಕೊಳ್ಳಬೇಡಿ. ಅವುಗಳದ್ದು ಸಾಮಾನ್ಯವಾಗಿ 24 ವೋಲ್ಟ್. ಕಾರಿನ ಕಂಪ್ಯೂಟರು ಅಲ್ಲೇ ಸುಟ್ಟುಹೋಗಬಹುದು, ಆಗ ತಪ್ಪು ನಮ್ಮದೇ ಆಗುತ್ತದೆ. 12 ವೋಲ್ಟಿನ ಇನ್ನೊಂದು ಕಾರಿನಿಂದ ಮಾತ್ರ ತೆಗೆದುಕೊಳ್ಳಿ. ಕೆಂಪು ಕೇಬಲ್ಲನ್ನು ಮೊದಲು ಮಲಗಿದ ಬ್ಯಾಟರಿಯ ಪ್ಲಸ್ಸಿಗೆ, ಆಮೇಲೆ ಒಳ್ಳೆಯದರ ಪ್ಲಸ್ಸಿಗೆ ಹಾಕಿ. ಕಪ್ಪನ್ನು ಒಳ್ಳೆಯದರ ಮೈನಸ್ಸಿಗೆ ಹಾಕಿ, ಇನ್ನೊಂದು ತುದಿಯನ್ನು ಮಲಗಿದ ಕಾರಿನ ಎಂಜಿನ್ ಲೋಹಕ್ಕೋ ಕಂಪನಿ ತೋರಿಸಿದ ಅರ್ತ್ ಜಾಗಕ್ಕೋ ಸಿಕ್ಕಿಸಿ. ಬ್ಯಾಟರಿಯ ಬಳಿ ಬೀಡಿ ಸಿಗರೇಟು ಬೇಡವೇ ಬೇಡ, ಅದರಿಂದ ಹೊರಡುವ ಹೈಡ್ರೋಜನ್ ಅನಿಲಕ್ಕೆ ಕಿಡಿ ಸಾಕು.

ಬೆಂಕಿ ಹಚ್ಚಿದವನೂ ಫೋನು ಮಾಡಿದವರೂ

2024ರ ಸೆಪ್ಟೆಂಬರ್ 10ರಂದು ಕಲಬುರಗಿಯಲ್ಲಿ ಓಲಾ ಎಲೆಕ್ಟ್ರಿಕ್ ಶೋರೂಮ್ ಹೊತ್ತಿ ಉರಿದದ್ದು ನಿಮಗೆ ನೆನಪಿರಬಹುದು. ಕೊಂಡು ಒಂದು ತಿಂಗಳೂ ತುಂಬದ ಸ್ಕೂಟರ್ ಪದೇ ಪದೇ ಕೆಡುತ್ತಿದೆ, ಸರಿಮಾಡಿಕೊಡುತ್ತಿಲ್ಲ ಎಂಬ ಸಿಟ್ಟಿನಲ್ಲಿ ಬೆಂಕಿ ಹಚ್ಚಿದನೆಂಬ ಆರೋಪದ ಮೇಲೆ 26ರ ಹುಡುಗನೊಬ್ಬನನ್ನು ಪೊಲೀಸರು ಹಿಡಿದರು. ಸ್ವತಃ ಮೆಕ್ಯಾನಿಕ್ ಆಗಿದ್ದವನು. ಅವನ ಸಿಟ್ಟು ನಮಗೆ ಅರ್ಥವಾಗುತ್ತದೆ, ಅವನು ಹಿಡಿದ ದಾರಿ ಬೇಡ. ಗಾಡಿಯೂ ಸರಿಯಾಗಲಿಲ್ಲ, ಮೈಮೇಲೆ ಕೇಸೂ ಬಿತ್ತು.

ಅದೇ ಕಂಪನಿಯ ಮೇಲೆ ಒಂದು ವರ್ಷದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ 10,644 ದೂರು ಹೋಗಿದ್ದವು. ಒಬ್ಬೊಬ್ಬರೂ ಮನೆಯಲ್ಲಿ ಕೂತು ಫೋನು ಮಾಡಿದವರು, ಮೊಬೈಲಿನಲ್ಲಿ ದೂರು ಬರೆದವರು. ಆ ಎಣಿಕೆಯನ್ನು ಮುಂದಿಟ್ಟುಕೊಂಡು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ಅಕ್ಟೋಬರ್‌ನಲ್ಲಿ ಕಂಪನಿಗೆ ಶೋಕಾಸ್ ನೋಟಿಸ್ ಕೊಟ್ಟಿತು. ನಾವು ಈ ಕರಪತ್ರ ಹಂಚುತ್ತಿರುವುದಕ್ಕೆ ಕಾರಣವೇ ಇದು. ಹತ್ತು ಸಾವಿರ ಜನ ಚಹಾದಂಗಡಿಯಲ್ಲಿ ಬೈದಿದ್ದರೆ ಒಂದು ನೋಟಿಸೂ ಹುಟ್ಟುತ್ತಿರಲಿಲ್ಲ.

ಸಹಾಯವಾಣಿಯ ಸಂಖ್ಯೆ 1915. ಕನ್ನಡದಲ್ಲೇ ಮಾತಾಡಬಹುದು. ದುಡ್ಡು ಕೊಡಬೇಕಿಲ್ಲ. ದೂರಿನ ಸಂಖ್ಯೆ ಕೊಡುತ್ತಾರೆ, ಅದನ್ನು ಬರೆದಿಡಿ. ಏಳು ವರ್ಷದೊಳಗಿನ ಗಾಡಿಯಾದರೆ ಕೇಂದ್ರ ಸಾರಿಗೆ ಸಚಿವಾಲಯದ ವಾಹನ್ ಜಾಲತಾಣದ ರೀಕಾಲ್ ವಿಭಾಗದಲ್ಲೂ ದೋಷದ ದೂರು ದಾಖಲಿಸಿ. ಇದು ಏಕೆಂದರೆ, 2019ರಲ್ಲಿ ತಿದ್ದಿದ ಮೋಟಾರು ವಾಹನ ಕಾಯ್ದೆಯ 110ಎ ಕಲಮಿನ ಪ್ರಕಾರ ಒಂದೇ ದೋಷದ ದೂರು ನಿಗದಿತ ಪ್ರಮಾಣ ದಾಟಿದರೆ ಆ ಮಾದರಿಯ ಗಾಡಿಗಳನ್ನೆಲ್ಲ ವಾಪಸು ಕರೆಯಿರಿ ಎಂದು ಸರ್ಕಾರ ಆದೇಶಿಸಬಹುದು. ದುಬಾರಿ ಕಾರುಗಳು ಮಾರಾಟವಾಗುವುದೇ ಕಡಿಮೆ, ಹಾಗಾಗಿ ಅಲ್ಲಿ ಒಂದೊಂದು ದೂರಿಗೂ ತೂಕ ಹೆಚ್ಚು. ಮರ್ಯಾದೆಗೆ ಅಂಜಿ ಸುಮ್ಮನಿರುವ ಸಾಹುಕಾರರು ಇದನ್ನು ಎರಡು ಸಲ ಓದಿ.

ಕಾಗದವಿಲ್ಲದ ದೂರು ದೂರೇ ಅಲ್ಲ

ಜಾಬ್ ಕಾರ್ಡ್ ಇಲ್ಲದೆ ಗಾಡಿ ಬಿಡಬೇಡಿ. ಮನೆ ಬಾಗಿಲಿಗೆ ಬಂದು ಕೇಬಲ್ ಹಾಕಿ ಹೋದರೂ ಒಂದು ಚೀಟಿ, ಕಡೆಗೆ ಒಂದು ಮೆಸೇಜು ಪಡೆಯಿರಿ. ‘ಜನರಲ್ ಚೆಕಪ್’ ಎಂದು ಬರೆಯಲು ಬಿಡಬೇಡಿ, ‘ಬ್ಯಾಟರಿ ಪದೇ ಪದೇ ಬರಿದಾಗುತ್ತಿದೆ’ ಎಂದೇ ಬರೆಸಿ. ನಿಂತ ದಿನ, ಮೀಟರಿನ ಕಿಲೋಮೀಟರು, ಅಳೆದ ವೋಲ್ಟ್ ಎಲ್ಲ ಅದರಲ್ಲಿರಲಿ. ಅವರು ‘ತೊಂದರೆ ಕಂಡುಬಂದಿಲ್ಲ’ ಎಂದು ಬರೆದುಕೊಟ್ಟರೆ ಬೇಸರಪಡಬೇಡಿ, ಜೋಪಾನ ಮಾಡಿ. ತೊಂದರೆ ಕಂಡಿಲ್ಲವೆಂದು ಬರೆದ ಮರುವಾರವೇ ಅದೇ ಕಾರನ್ನು ಫ್ಲಾಟ್‌ಬೆಡ್ ಲಾರಿ ಹೊತ್ತುಕೊಂಡು ಹೋದರೆ ಆ ಎರಡು ಕಾಗದ ಅಕ್ಕಪಕ್ಕ ಇಟ್ಟರೆ ಸಾಕು, ವಕೀಲರು ಹೆಚ್ಚು ವಾದಿಸಬೇಕಿಲ್ಲ.

‘ಬ್ಯಾಟರಿ ವಾರಂಟಿ ಬೇರೆಯವರದು’ ಎಂದಾಗ ಹೀಗೆ ಕೇಳಿ: ‘ನಾನು ಬಿಲ್ಲು ಕಟ್ಟಿದ್ದು ಬ್ಯಾಟರಿಗೋ, ಕಾರಿಗೋ? ಕರೆಂಟು ಸೋರುವುದು ಬ್ಯಾಟರಿಯ ದೋಷವೋ, ಕಾರಿನದೋ? ಬರೆದುಕೊಡಿ.’ ಆಮೇಲೆ ಈ ಕೆಳಗಿನಂತೆ ಒಂದು ಪತ್ರ ಬರೆದು ಶೋರೂಮಿಗೂ ತಯಾರಕ ಕಂಪನಿಗೂ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಇಮೇಲನ್ನೂ ಮಾಡಿ:

‘ನಾನು ನಿಮ್ಮಿಂದ ಕೊಂಡ ವಾಹನದ 12 ವೋಲ್ಟ್ ಬ್ಯಾಟರಿ ಈ ಕೆಳಗಿನ ದಿನಾಂಕಗಳಂದು ಬರಿದಾಗಿ ವಾಹನ ನಿಂತುಹೋಗಿದೆ. ಜಾಬ್ ಕಾರ್ಡ್‌ಗಳ ಪ್ರತಿ ಲಗತ್ತಿಸಿದ್ದೇನೆ. ವಾಹನ ನಿಂತಿರುವಾಗ ಹರಿಯುವ ಕರೆಂಟಿನ ಅಳತೆ, ಚಾರ್ಜಿಂಗ್ ವ್ಯವಸ್ಥೆಯ ಪರೀಕ್ಷೆ, ದೋಷಕ್ಕೆ ಕಾರಣ ಈ ಮೂರನ್ನೂ ಲಿಖಿತವಾಗಿ ತಿಳಿಸಿ, ಪತ್ರ ತಲುಪಿದ ಹದಿನೈದು ದಿನದೊಳಗೆ ದೋಷವನ್ನು ಶಾಶ್ವತವಾಗಿ ಸರಿಪಡಿಸಿಕೊಡಿ. ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪರಿಹಾರ ಕೋರುತ್ತೇನೆ.’

ಇಷ್ಟೇ. ಬೈಗುಳ ಬೇಡ.

ಹಾಸನದ ಬಾಗಿಲು ನಮಗೆ ತೆರೆದಿದೆ

ಕಾರು ಕೊಂಡದ್ದು ಬೆಂಗಳೂರಿನಲ್ಲಿ, ಕಂಪನಿಯ ಕಚೇರಿ ಮುಂಬೈಯಲ್ಲೋ ದೆಹಲಿಯಲ್ಲೋ, ಅಲ್ಲಿಗೆಲ್ಲ ಯಾರು ಅಲೆಯುತ್ತಾರೆ ಎಂಬ ಭಯವೇ ಅರ್ಧ ಜನರನ್ನು ಮನೆಯಲ್ಲಿ ಕೂರಿಸಿದೆ. 2020ರ ಜುಲೈ 20ರಿಂದ ಜಾರಿಗೆ ಬಂದ ಈ ಹೊಸ ಗ್ರಾಹಕ ಸಂರಕ್ಷಣಾ ಕಾಯ್ದೆ ಆ ಭಯವನ್ನು ತೆಗೆದುಹಾಕಿದೆ. ಗ್ರಾಹಕ ತಾನು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಗರೆಯವರಿಗೆ ಅದು ಹಾಸನದ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಕೊಟ್ಟ ಬೆಲೆ 50 ಲಕ್ಷದವರೆಗಿದ್ದರೆ ಅಲ್ಲಿಗೆ. 50 ಲಕ್ಷ ಮೀರಿ 2 ಕೋಟಿವರೆಗಾದರೆ ಬೆಂಗಳೂರಿನ ರಾಜ್ಯ ಆಯೋಗಕ್ಕೆ. ಅದಕ್ಕೂ ಮೀರಿದ ಕಾರಿನವರು ಹಗರೆಯಲ್ಲಿದ್ದರೆ ದೆಹಲಿಯ ರಾಷ್ಟ್ರೀಯ ಆಯೋಗಕ್ಕೆ ಹೋಗಲಿ, ಜೊತೆಗೆ ನಮಗೊಂದು ಊಟ ಹಾಕಲಿ.

ಶುಲ್ಕ ಕೇಳಿ ಆಶ್ಚರ್ಯವಾದೀತು. 5 ಲಕ್ಷದವರೆಗೆ ಶುಲ್ಕವೇ ಇಲ್ಲ, ಅಂದರೆ ಸ್ಕೂಟರಿನವರಿಗೆ ಪುಕ್ಕಟೆ. 20ರಿಂದ 50 ಲಕ್ಷದವರೆಗಿನ ಕಾರಿಗೆ 1,000 ರೂಪಾಯಿ. ಒಂದು ಕೋಟಿವರೆಗೆ 2,000. ಕಾರನ್ನು ಹಗರೆಯಿಂದ ಬೆಂಗಳೂರಿಗೆ ಹೊತ್ತೊಯ್ಯುವ ಫ್ಲಾಟ್‌ಬೆಡ್‌ನವನು ಇದಕ್ಕೆ ಎಂಜಿನ್ನೂ ಸ್ಟಾರ್ಟ್ ಮಾಡುವುದಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ, ನೀವೇ ನಿಲ್ಲಬಹುದು. ಆನ್‌ಲೈನಿನಲ್ಲೂ ಸಲ್ಲಿಸಬಹುದು. ಗಡುವು ಮಾತ್ರ ಮರೆಯಬೇಡಿ: ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ‘ನೋಡೋಣ, ಮುಂದಿನ ಸರ್ವಿಸಲ್ಲಿ ಸರಿಮಾಡ್ತಾರಂತೆ’ ಎಂದು ಕಾದವರು ಈ ಗಡುವಿಗೇ ಬಲಿಯಾಗುತ್ತಾರೆ.

ಕಾಯ್ದೆಯಲ್ಲಿ ಮೂರು ತಿಂಗಳೊಳಗೆ, ಪರೀಕ್ಷೆ ಬೇಕಾದರೆ ಐದು ತಿಂಗಳೊಳಗೆ ತೀರ್ಮಾನಿಸಲು ಯತ್ನಿಸಬೇಕೆಂದಿದೆ. ನಡೆಯುವುದು ಹಾಗಲ್ಲ, ನಿಮಗೆ ಸುಳ್ಳು ಆಸೆ ಹುಟ್ಟಿಸುವುದಿಲ್ಲ. ಆದರೂ ಎಷ್ಟೋ ಕಂಪನಿಗಳು ನೋಟಿಸು ತಲುಪಿದ ಮೇಲೆಯೇ ಮಾತಿಗೆ ಬರುತ್ತವೆ.

ನಮ್ಮ ಕಡೆ ಇನ್ನೊಂದು ರೂಢಿಯಿದೆ. ಲೆಕ್ಕಪತ್ರಕ್ಕೆ ಅನುಕೂಲವೆಂದು ಕಾರನ್ನು ಎಸ್ಟೇಟಿನ ಹೆಸರಿನಲ್ಲೋ ಫರ್ಮಿನ ಹೆಸರಿನಲ್ಲೋ ತೆಗೆದುಕೊಳ್ಳುವುದು. ‘ವ್ಯಾಪಾರಕ್ಕೆ ಕೊಂಡದ್ದು, ನೀವು ಗ್ರಾಹಕರೇ ಅಲ್ಲ’ ಎಂದು ಕಂಪನಿಯ ವಕೀಲರು ಎದ್ದು ನಿಲ್ಲುತ್ತಾರೆ. ಇದಕ್ಕೆ ಸುಪ್ರೀಂ ಕೋರ್ಟ್ 2024ರ ಜುಲೈ 9ರಂದು ಉತ್ತರ ಕೊಟ್ಟಿದೆ. ಕಂಪನಿಯೊಂದು ತನ್ನ ನಿರ್ದೇಶಕರ ಸ್ವಂತ ಓಡಾಟಕ್ಕೆ ಮರ್ಸಿಡಿಸ್ ಕಾರು ಕೊಂಡಿತ್ತು, ಸೀಟುಗಳ ನಡುವಿನ ದಿಣ್ಣೆ ಸುಡುವಷ್ಟು ಬಿಸಿಯಾಗುತ್ತಿತ್ತು. ಲಾಭದ ವ್ಯವಹಾರಕ್ಕೆ ನೇರವಾಗಿ ಬಳಸದ ಕಾರನ್ನು ಕಂಪನಿಯ ಹೆಸರಿನಲ್ಲಿ ಕೊಂಡ ಮಾತ್ರಕ್ಕೆ ವ್ಯಾಪಾರದ ಉದ್ದೇಶ ಎನ್ನಲಾಗದು ಎಂದು ಕೋರ್ಟ್ ಹೇಳಿತು, 36 ಲಕ್ಷ ರೂಪಾಯಿ ಕೊಡಿಸಿತು. ಬದುಕಿಗಾಗಿ ತಾನೇ ಟ್ಯಾಕ್ಸಿ ಓಡಿಸುವವನನ್ನಂತೂ ಕಾಯ್ದೆಯೇ ಗ್ರಾಹಕ ಎಂದು ಕರೆದಿದೆ.

ಮರುದಿನ, ಜುಲೈ 10ರಂದು, ಅದೇ ಕೋರ್ಟಿನಲ್ಲಿ ಇನ್ನೊಂದು ತೀರ್ಪು ಬಂತು. 2009ರ ಸೆಪ್ಟೆಂಬರ್ 25ರಂದು ಕೊಂಡ ಬಿಎಂಡಬ್ಲ್ಯು 7 ಸೀರೀಸ್ ಕಾರು ನಾಲ್ಕೇ ದಿನಕ್ಕೆ ಕೆಟ್ಟಿತು, ನವೆಂಬರಿನಲ್ಲಿ ಮತ್ತೆ ಕೆಟ್ಟಿತು. ಕೊಂಡವರು ಹೋದದ್ದು ಪೊಲೀಸ್ ಠಾಣೆಗೆ, ವಂಚನೆಯ ದೂರು ಕೊಡಲು. 2012ರಲ್ಲಿ ಹೈಕೋರ್ಟ್ ಆ ಮೊಕದ್ದಮೆ ರದ್ದು ಮಾಡಿ, ಹೊಸ ಕಾರು ಕೊಡಿ ಎಂದು ಕಂಪನಿಗೆ ಹೇಳಿತು. ಕಂಪನಿ ಸಿದ್ಧವಿತ್ತು, ಕೊಂಡವರು ಒಪ್ಪಲಿಲ್ಲ. ಕಡೆಗೆ ಸುಪ್ರೀಂ ಕೋರ್ಟ್ 50 ಲಕ್ಷ ರೂಪಾಯಿ ಕೊಟ್ಟು ಮುಗಿಸಿ ಎಂದಿತು. ಕಾರು ಕೊಂಡು ಹದಿನೈದು ವರ್ಷದ ಹತ್ತಿರ ಬಂದಿತ್ತು. ನಮ್ಮ ಅಭಿಪ್ರಾಯ ಖಡಾಖಂಡಿತ: ಕೆಟ್ಟ ಕಾರಿಗೆ ಠಾಣೆ ಮೆಟ್ಟಿಲು ಹತ್ತುವುದು ದಾರಿಯಲ್ಲ. ಕಂಪನಿ ಲಿಖಿತವಾಗಿ ಒಳ್ಳೆಯ ಪರಿಹಾರ ಮುಂದಿಟ್ಟರೆ ಹಟಕ್ಕೆ ಬಿದ್ದು ತಳ್ಳಿಹಾಕುವುದೂ ಜಾಣತನವಲ್ಲ.

ಹಾಗೆಂದು ಬ್ಯಾಟರಿ ಎರಡು ಸಲ ಡೌನ್ ಆದ ಕೂಡಲೇ ಹೊಸ ಕಾರು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2006ರ ಮಾರುತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇಡೀ ಕಾರು ಬದಲಿಸುವ ಆದೇಶವನ್ನು ತೆಗೆದುಹಾಕಿತು. ವಾರಂಟಿಯಲ್ಲಿ ಕೆಟ್ಟ ಭಾಗವನ್ನು ಬದಲಿಸುವ ಮಾತಿದ್ದರೆ ಸಿಗುವುದು ಭಾಗ, ಕಾರಲ್ಲ. 2010ರ ಫಿಯಟ್ ಸಿಯೆನಾ ಪ್ರಕರಣದಲ್ಲಿ ಇದೇ ಕೋರ್ಟ್ ಇನ್ನೊಂದು ಬಾಗಿಲು ತೆರೆಯಿತು. ಸ್ವತಂತ್ರ ತಜ್ಞರು ತಯಾರಿಕೆಯಲ್ಲೇ ದೋಷವಿದೆ ಎಂದರೆ ಕಾರಿನ ಬೆಲೆಯ ಜೊತೆ ಜೀವಾವಧಿ ತೆರಿಗೆಯನ್ನೂ ಶೇ. 12 ಬಡ್ಡಿ ಸಮೇತ ಹಿಂತಿರುಗಿಸಬೇಕು ಎಂದಿತು. ಎಲ್ಲವೂ ನಿಂತಿರುವುದು ತಜ್ಞರ ವರದಿಯ ಮೇಲೆ. ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕರನ್ನೋ ಪರವಾನಗಿ ಇರುವ ಸರ್ವೇಯರನ್ನೋ ಹಿಡಿದು, ಕಾರು ಮಲಗಿದ ಮೇಲೂ ಎಷ್ಟು ಕರೆಂಟು ಹರಿಯುತ್ತಿದೆ ಎಂಬುದನ್ನು ಅಳೆಸಿ, ಸಹಿ ಮಾಡಿಸಿ. ಆಗದಿದ್ದರೆ ಪರೀಕ್ಷೆಗೆ ಕಳಿಸಿ ಎಂದು ಆಯೋಗವನ್ನೇ ಕೇಳಿ, ಅದಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ.

ನಮ್ಮ ಬೇಡಿಕೆ

ಶೋರೂಮುಗಳೇ, ಒಂದೇ ಗಾಡಿಯ ಬ್ಯಾಟರಿ ಎರಡನೇ ಸಲ ಬರಿದಾದರೆ ಕೇಬಲ್ ಹಾಕಿ ಕೈತೊಳೆಯಬೇಡಿ. ನಿಂತ ಗಾಡಿಯ ಕರೆಂಟು ಅಳೆದು ಚೀಟಿ ಕೊಡಿ. ಕಾರಣ ಸಿಗುವವರೆಗೆ ಓಡಾಡಲು ಬದಲಿ ಗಾಡಿ ಕೊಡಿ. ಬೆಂಗಳೂರಿಗೆ ಹೊತ್ತೊಯ್ಯುವ ಖರ್ಚನ್ನು ನಮ್ಮ ತಲೆಗೆ ಕಟ್ಟಬೇಡಿ. ಮಾರುವ ಮುಂಚೆಯೇ, ಈ ಕಾರು ಎಷ್ಟು ದಿನ ನಿಂತರೂ ಎದ್ದೇಳುತ್ತದೆ ಎಂಬುದನ್ನು ಕೈಬರಹದಲ್ಲಿ ಕೊಡಿ. ಸನ್‌ರೂಫ್ ತೋರಿಸಲು ಇರುವ ಉತ್ಸಾಹದ ಕಾಲು ಭಾಗ ಇದಕ್ಕೆ ಸಾಕು.

ಹೊಸ ಗಾಡಿ ಕೊಳ್ಳಲು ಹೊರಟ ಅಣ್ಣಂದಿರೇ, ಅಕ್ಕಂದಿರೇ, ಈ ಕೈಬರಹ ಕೊಡದ ಶೋರೂಮಿಗೆ ಮುಂಗಡ ಕೊಡಬೇಡಿ.

ಬರುವ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹಗರೆ ಬಸ್ ನಿಲ್ದಾಣದ ಹತ್ತಿರ ಸೇರೋಣ. ಬಾವುಟ ಬೇಡ, ಮೈಕು ಬೇಡ, ಭಾಷಣವಂತೂ ಬೇಡ. ಜಾಬ್ ಕಾರ್ಡು, ಬಿಲ್ಲು, ವಾರಂಟಿ ಪುಸ್ತಕ, ಆರ್‌ಸಿ ಪ್ರತಿ ತನ್ನಿ. ಕಾರಿನವರೂ ಬನ್ನಿ, ಸ್ಕೂಟರಿನವರೂ ಬನ್ನಿ, ಟ್ರ್ಯಾಕ್ಟರಿನವರೂ ಬನ್ನಿ. ಮೊಬೈಲಿನಲ್ಲಿ ಅರ್ಜಿ ತುಂಬಲು ಬರುವ ಕಾಲೇಜು ಮಕ್ಕಳು ಎರಡು ಗಂಟೆ ಬಿಡುವು ಮಾಡಿಕೊಂಡು ಬನ್ನಿ. ಅಲ್ಲಿಯೇ ಕೂತು 1915ಕ್ಕೆ ದೂರು ದಾಖಲಿಸೋಣ, ಕಂಪನಿಗಳಿಗೆ ಪತ್ರ ಬರೆಯೋಣ, ಹಾಸನದ ಆಯೋಗಕ್ಕೆ ಹೋಗಬೇಕಾದವರ ಪಟ್ಟಿ ಮಾಡೋಣ. ಗಾಡಿ ಸ್ಟಾರ್ಟ್ ಆಗದವರು ಬಸ್ಸಿನಲ್ಲಿ ಬನ್ನಿ, ಕಾಗದ ಮಾತ್ರ ಮರೆಯಬೇಡಿ.

ಹಗರೆ ಮತ್ತು ಸುತ್ತಲಿನ ವಾಹನ ಬಳಕೆದಾರರು